ಆಖೆನ್ ಕ್ಯಾಂಪಿನಲ್ಲಿ ಒತ್ತೆ ಬಿದ್ದ ಪರದೆ

೭ ಮೇ ೨೦೨೫, ಬುಧವಾರ

ಬೆಲ್ ಹೊಡೆಯಲಿ! ಪರದೆ ಏಳಲಿ! ಇಪ್ಪತ್ತೆರಡು ವರ್ಷದ ಮೇಲೆ ಪ್ರೇಮಕುಮಾರಿ ಜರ್ಮನಿಯ ಆಖೆನ್ ಊರಿನ ರಂಗಕ್ಕೆ ಮರುಪ್ರವೇಶ ಮಾಡಿದ್ದಾಳೆ!

ಪ್ರೇಕ್ಷಕರು ಯಾರೂ ಇಲ್ಲ. ಮಗಳು ಲಾವಣ್ಯಾ ಯೂನಿವರ್ಸಿಟಿಯ ಲ್ಯಾಬಿಗೆ ಹೋಗಿದ್ದಾಳೆ. ಅಳಿಯ ಡ್ರೆಸ್ಡೆನ್ನಿನ ಚಿಪ್ ಕಾರ್ಖಾನೆಯಲ್ಲಿದ್ದಾನೆ, ತಿಂಗಳಿಗೆ ಎರಡು ಸಲ ಮನೆಗೆ ಬಂದರೆ ಬಂದ. ಹಾಗಾಗಿ ಈ ಪುಸ್ತಕದಲ್ಲಿ ನಾನೇ ಪಾತ್ರ, ನಾನೇ ಪ್ರೇಕ್ಷಕಿ, ಚಪ್ಪಾಳೆಯೂ ನನ್ನದೇ.

ನಿನ್ನೆಯ ಪ್ರವೇಶದ ವೈಭವ ಬರೆದಿಡಬೇಕು. ಲಾವಣ್ಯಾ ನನಗೆ ತಿಳಿಸದೆ ಏರ್‌ಪೋರ್ಟಿನಲ್ಲಿ ಗಾಲಿಕುರ್ಚಿಗೆ ಹೇಳಿಟ್ಟಿದ್ದಳು. ವಿಮಾನದ ಬಾಗಿಲಲ್ಲೇ ಒಬ್ಬ ಹುಡುಗ ಕುರ್ಚಿ ಹಿಡಿದು ನಿಂತಿದ್ದ. ನಾನು ಬಲಗೈ ಎತ್ತಿದೆ, ಅಷ್ಟೇ. ಹನ್ನೆರಡನೇ ವಯಸ್ಸಿನಲ್ಲಿ ಅವ್ವನ ನಾಟಕ ಕಂಪನಿಯಲ್ಲಿ ಅರ್ಜುನನ ಕಿರೀಟ ಹೊತ್ತವಳು, ತಗಡಿನ ಥೇಟರಿನ ಕಟ್ಟಕಡೆಯ ಕಂಬದವರೆಗೆ ಮೈಕಿಲ್ಲದೆ ಮಾತು ಮುಟ್ಟಿಸಿದವಳು, ಗಾಡಿಯ ಮೇಲಿನ ಹುಲ್ಲಿನ ಹೊರೆಯಂತೆ ತಳ್ಳಿಸಿಕೊಂಡು ಬರಬೇಕೆ? ನಡೆದೇ ಬಂದೆ. ಮೊಣಕಾಲುಗಳೆರಡೂ ದಾರಿಯುದ್ದಕ್ಕೂ ಹಿಮ್ಮೇಳ ಹಿಡಿದವು. ಅದನ್ನು ಯಾರಿಗೂ ಕೇಳಿಸಗೊಡಲಿಲ್ಲ.

ಪಾಸ್‌ಪೋರ್ಟ್ ನೋಡುವವನ ಎದುರು ಎದೆ ಸೆಟೆಸಿ ನಿಂತೆ. ಹಳೆಯ ಬಾಕಿಗೆ ಹಿಡಿಯುವುದಾದರೆ ಇಲ್ಲೇ ಹಿಡಿಯಲಿ! 'ಬಂದ ಉದ್ದೇಶ?' ಎಂದ. ನನ್ನ ಹಳೆಯ ಜರ್ಮನ್ ಭಾಷೆಯಲ್ಲಿ, ಇಡೀ ಹಾಲ್ ತಿರುಗಿ ನೋಡುವಂತೆ, 'ಋಣ ತೀರಿಸಲಿಕ್ಕೆ!' ಎಂದೆ. ಅವನು ಠಸ್ಸೆ ಒತ್ತಿ, 'ರಜೆ ಚೆನ್ನಾಗಿ ಕಳೆಯಿರಿ' ಎಂದ.

ಇಷ್ಟು ನೀರಸ ಸೇನಾಪತಿಯನ್ನು ನಾನು ಯಾವ ನಾಟಕದಲ್ಲೂ ಕಂಡಿಲ್ಲ.

೯ ಮೇ, ಶುಕ್ರವಾರ

ಮೊದಲ ಅಂಕದಲ್ಲೇ ತಾಯಿ ಮಗಳ ಯುದ್ಧ.

ನಾನು ಈ ಊರಿನ ಒಂದು ವೃದ್ಧಾಶ್ರಮದಲ್ಲಿ ಹದಿನೈದು ವರ್ಷ ನರ್ಸಾಗಿ ದುಡಿದೆ. ಪ್ರತಿ ಪಗಾರದಿಂದಲೂ ಪಿಂಚಣಿಗೆಂದು ಪಾಲು ಹಿಡಿದರು. ಈ ಏಪ್ರಿಲ್‌ನಲ್ಲಿ ನನಗೆ ಆ ಪಿಂಚಣಿಯ ವಯಸ್ಸಾಯಿತು.

"ಅವ್ವಾ, ಜುಲೈ ಮುಗಿಯೂದರಾಗ ಅರ್ಜಿ ಹಾಕಿದ್ರ ಮೇ ತಿಂಗಳಿಂದ ಲೆಕ್ಕ ಹಿಡೀತಾರ. ದಾಟಿತಂದ್ರ ಹ್ವಾದ ತಿಂಗಳು ಹ್ವಾದಂಗ. ನೀ ಇಲ್ಲೆ ಇದ್ದಾಗನ ಮುಗಿಸೂಣು. ಪಿಂಚಣಿ ಆಫೀಸಿನಾಗ ಟೆರ್ಮಿನ್ ತಗೊಳ್ಳಲೇನು?" ಎಂದಳು. ಟೆರ್ಮಿನ್ ಅಂದರೆ ಈ ದೇಶದ ಮುಹೂರ್ತ. ಅದಿಲ್ಲದೆ ಯಾವ ಕಚೇರಿಯ ಬಾಗಿಲೂ ತೆರೆಯದು.

"ಮೊದಲು ಟ್ಯಾಕ್ಸ್ ಆಫೀಸಿನ ಮುಹೂರ್ತ ತಗೊ. ಆ ಹಳೀ ಬಾಕಿ ತೀರೂತನಕ ನಾ ಪಿಂಚಣಿಗೆ ಸಹಿ ಮಾಡಂಗಿಲ್ಲ."

"ಅದು ಬ್ಯಾರೆ ಆಫೀಸು, ಇದು ಬ್ಯಾರೆ ಆಫೀಸು. ಒಬ್ಬರದು ಒಬ್ಬರಿಗೆ ಗೊತ್ತ ಇರಂಗಿಲ್ಲ."

"ರಾಜ್ಯ ಒಂದ ಐತಿಲ್ಲೋ?"

"ಯವ್ವಾ, ಇದು ನಾಟಕ ಅಲ್ಲ!"

ಅಲ್ಲವಂತೆ! ಇವಳಿಗೇನು ಗೊತ್ತು ಕಂಪನಿಯ ಧರ್ಮ? ಕ್ಯಾಂಪು ಎತ್ತುವಾಗ ಆ ಊರಿನಲ್ಲಿ ಬಾಕಿ ಉಳಿದಿದ್ದರೆ, ಒಂದು ಪರದೆಯನ್ನು ಒತ್ತೆ ಬಿಟ್ಟು ಮುಂದಿನ ಊರಿಗೆ ಹೋಗುವುದು ನಮ್ಮವರ ಪದ್ಧತಿ. ಬಾಕಿ ಕೊಟ್ಟು ಪರದೆ ಬಿಡಿಸಿಕೊಳ್ಳಬೇಕು. ಕೊಡದೆ ಕೈ ಚಾಚುವವನು ನಟನಲ್ಲ, ಭಿಕ್ಷುಕ. ನಮ್ಮವ್ವ ಗಂಗವ್ವ, ಶ್ರೀ ಕಾಲಕಾಲೇಶ್ವರ ಪ್ರಸಾದಿತ ನಾಟ್ಯ ಮಂಡಳಿಯ ಮಾಲಕಿ, ಮಳೆ ಹಿಡಿದು ಕಲೆಕ್ಷನ್ ಬೀಳದ ವರ್ಷ ತಾಳಿಕೋಟಿಯ ಶಿವಪ್ಪ ಸಾವುಕಾರನ ಅಂಗಡಿಯಲ್ಲಿ ದರ್ಬಾರ್ ಪರದೆಯನ್ನೇ ಬಿಟ್ಟು ಬಂದಳು. ಹದಿನಾರು ಕಂಬ, ನಡುವೆ ಸಿಂಹಾಸನ, ಎರಡೂ ಕಡೆ ನವಿಲು! ಅದಿಲ್ಲದೆ ನಮ್ಮ ರಾಜರೆಲ್ಲ ಅಡವಿಯ ಪರದೆಯ ಮುಂದೆ ರಾಜ್ಯ ಆಳಿದರು. ಆದರೂ ಸಾಯುವತನಕ ಅವ್ವ ಆ ಪರದೆಗೆ ಕೈ ಚಾಚಲಿಲ್ಲ. ಮರ್ಯಾದೆ ಅಂದರೆ ಅದು!

ಈ ದೇಶ ನನ್ನಿಂದ ಹಿಡಿದಿಟ್ಟುಕೊಂಡ ಪಿಂಚಣಿಯೇ ನನ್ನ ದರ್ಬಾರ್ ಪರದೆ. ನಾನು ಗಂಗವ್ವನ ಮಗಳು. ಬಾಕಿ ಚುಕ್ತಾ ಮಾಡಿಯೇ ಮುಟ್ಟುತ್ತೇನೆ.

೧೪ ಮೇ, ಬುಧವಾರ

ಒಬ್ಬಳೇ ಬಸ್ ಹತ್ತಿ ನನ್ನ ಹಳೆಯ ಮನೆಯ ಬೀದಿಗೆ ಹೋಗಿದ್ದೆ. ಬಸ್ಸಿನಲ್ಲಿ ಒಬ್ಬ ಕಾಲೇಜು ಹುಡುಗ ಎದ್ದು ಜಾಗ ಬಿಟ್ಟ. ಕೂರಲಿಲ್ಲ. ನಿಂತೇ ಹೋದೆ.

ಆ ಮೂರನೇ ಮಹಡಿಯ ಕಿಟಕಿ! ಅಲ್ಲಿ ನಡೆಯುತ್ತಿತ್ತು ಜರ್ಮನಿಯ ಏಕಮಾತ್ರ ಗದಗಿನ ಖಾನಾವಳಿ. ಆಗಷ್ಟೇ ನಮ್ಮ ಕಡೆಯ ಹುಡುಗರು ಇಲ್ಲಿಗೆ ಎಂ.ಎಸ್. ಓದಲು ಬರುತ್ತಿದ್ದರು, ಬ್ರೆಡ್ ತಿಂದು ತಿಂದು ಮುಖ ಬ್ರೆಡ್ಡಿನ ಬಣ್ಣಕ್ಕೆ ತಿರುಗಿರುತ್ತಿತ್ತು. ನಾನು ಆಫ್ರಿಕಾದವರ ಅಂಗಡಿಯಲ್ಲಿ ಜೋಳದ ಹಿಟ್ಟು ಪತ್ತೆಹಚ್ಚಿದೆ. ಭಾನುವಾರ ಬಂತೆಂದರೆ ರೊಟ್ಟಿ ಬಡಿಯುವ ಸದ್ದು. ಕೆಳಗಿನ ಮನೆಯವರು ಗೋಡೆ ರಿಪೇರಿ ನಡೆದಿದೆ ಎಂದುಕೊಂಡಿದ್ದರು. ಹುಡುಗರು ಉಂಡು, ಪುಟ್ಟ ಲಾವಣ್ಯಾಳ ಕೈಯಲ್ಲಿದ್ದ ಬಿಸ್ಕತ್ತಿನ ಡಬ್ಬಿಗೆ ತಿಳಿದಷ್ಟು ಹಾಕಿ ಹೋಗುತ್ತಿದ್ದರು. ಅವಳ ಅಪ್ಪ ಅಷ್ಟರಲ್ಲಿ ಪುಣೆ ಸೇರಿದ್ದ. ಆ ಪಾತ್ರಕ್ಕೆ ಈ ನಾಟಕದಲ್ಲಿ ಮಾತಿಲ್ಲ.

೨೦೦೩ರಲ್ಲಿ ಟ್ಯಾಕ್ಸ್ ಆಫೀಸಿನಿಂದ ಪತ್ರ ಬಂತು: ಭಾನುವಾರದ ಅಡುಗೆಯ ಆದಾಯದ ವಿವರ ಕೊಡಿ. ಅದೇ ವಾರ ಗದಗಿನಿಂದ ಫೋನು: ಅವ್ವ ಹಾಸಿಗೆ ಹಿಡಿದಿದ್ದಾಳೆ. ಮಗಳನ್ನು ಕರೆದುಕೊಂಡು ವಿಮಾನ ಹತ್ತಿದೆ. ಪತ್ರಕ್ಕೆ ಉತ್ತರ ಹೋಗಲಿಲ್ಲ. ಓಡಿಹೋದಳು ಅನ್ನುವವರು ಅಂದುಕೊಳ್ಳಲಿ. ಓಡಿಹೋಗುವುದು ಬೇರೆ, ನಿಷ್ಕ್ರಮಣ ಬೇರೆ.

ಮನೆಗೆ ಬಂದಾಗ ಲಾವಣ್ಯಾ, "ಕಾಲು ನೋಯ್ತಾವೇನವಾ?" ಎಂದಳು.

"ಯಾರ ಕಾಲು?" ಎಂದೆ.

೨೨ ಮೇ, ಗುರುವಾರ

ಜೆಸಿಂತಾ ಬಂದಿದ್ದಳು! ನನ್ನ ಜೊತೆ ಅದೇ ಆಶ್ರಮದಲ್ಲಿ ದುಡಿದವಳು, ಉಡುಪಿ ಕಡೆಯ ಹೆಂಗಸು. ಈಗ ಇಲ್ಲೇ ಪಿಂಚಣಿ ಉಣ್ಣುತ್ತ ಬಾಲ್ಕನಿಯಲ್ಲಿ ಬಸಳೆ ಬೆಳೆಯುತ್ತಾಳೆ. ಮೆಟ್ಟಿಲ ಮೇಲಿಂದಲೇ ಶುರು ಮಾಡಿದಳು.

"ನಿನ್ನ ಸ್ವರ ಇನ್ನೂ ಹಾಗೇ ಉಂಟಲ್ಲಾ ಮಾರಾಯ್ತಿ! ಕೆಳಗೆ ಬಸ್‌ಸ್ಟಾಪಿಗೆ ಕೇಳ್ತದೆ. ಯಾರಿಗೆ ಬೈತಾ ಇದ್ದದ್ದು?"

"ಬೈದಿಲ್ಲ. ಮಗಳಿಗೆ ಉಪ್ಪು ಎಲ್ಲೈತಿ ಅಂತ ಕೇಳಿದೆ."

ನಕ್ಕು ನಕ್ಕು ಸೋಫಾದ ಮೇಲೆ ಬಿದ್ದಳು. ಹಳೆಯ ದಿನಗಳೆಲ್ಲ ಎದ್ದು ಬಂದವು. ಆಶ್ರಮದ ಕಿವುಡ ಅಜ್ಜ ಅಜ್ಜಿಯರೆಲ್ಲ ನನ್ನ ಪಾಳಿಗಾಗಿ ಕಾಯುತ್ತಿದ್ದರು. ಉಳಿದ ನರ್ಸುಗಳ ಮಾತು ಕೇಳಿಸದೆ ಹಲ್ಲು ಕಚ್ಚುತ್ತಿದ್ದವರು ನಾನು 'ಗುಟನ್ ಮಾರ್ಗನ್' ಎಂದು ಬೆಳಗಿನ ನಮಸ್ಕಾರ ಹೇಳಿದರೆ ಹಾಸಿಗೆಯಲ್ಲೇ ಅರ್ಧ ಏಳುತ್ತಿದ್ದರು. ಮೇಲ್ವಿಚಾರಕಿ ಊರ್ಸುಲಾ ಹೇಳುತ್ತಿದ್ದಳು, 'ಸಿಸ್ಟರ್ ಪ್ರೇಮಾ, ಸತ್ತವರನ್ನು ಎಬ್ಬಿಸಬೇಡ, ಹಾಸಿಗೆ ಖಾಲಿ ಆಗುವುದಿಲ್ಲ.'

ಲಾವಣ್ಯಾ ಅವಳ ಮುಂದೆ ನನ್ನ ಮೇಲೆ ದೂರು ಒಪ್ಪಿಸಿದಳು. ಜೆಸಿಂತಾ ನನ್ನನ್ನೇ ದಿಟ್ಟಿಸಿ, "ನಿನ್ನದೇ ದುಡ್ಡು ತೆಗೊಳ್ಳಿಕ್ಕೆ ನಿನಗೆ ಎಂತ ನಾಚಿಕೆ?" ಎಂದಳು.

"ಸಾಲಗಾರಳಾಗಿ ತಗೊಳ್ಳಂಗಿಲ್ಲ."

"ಹಾಗಾದ್ರೆ ಹೋಗಿ ಕೊಟ್ಟು ಬಾ. ಅವರು ಹಾರ ಹಾಕ್ತಾರೆ ನೋಡು."

ಕುಹಕ. ಆದರೂ ಹಾರದ ಮಾತು ಕೇಳಲು ಹಿತವಾಗಿತ್ತು.

೫ ಜೂನ್, ಗುರುವಾರ

ಟ್ಯಾಕ್ಸ್ ಆಫೀಸಿನ ದರ್ಬಾರು!

ಇಳಕಲ್ ಸೀರೆ ಉಟ್ಟೆ. ಗದಗಿನ ಸರಾಫನಿಗೆ ಬಂಗಾರದ ಪಾಟ್ಲಿ ಬಳೆ ಮಾರಿ ತಂದ ಯೂರೋಗಳನ್ನು ವ್ಯಾನಿಟಿ ಬ್ಯಾಗಿನಲ್ಲಿಟ್ಟು ಎದೆಗೆ ಅವಚಿಕೊಂಡೆ. ಲಾವಣ್ಯಾ ಹಿಂದೆ, ನಾನು ಮುಂದೆ. ಒಳಗೆ ಕನ್ನಡಕದ ಒಬ್ಬ ಸಣಕಲ ಅಧಿಕಾರಿ ಸೇಬು ಹೆಚ್ಚಿ ತಿನ್ನುತ್ತಿದ್ದ.

"ನಾನು ಪ್ರೇಮಕುಮಾರಿ!" ಎಂದೆ. ಸೇಬಿನ ಹೋಳು ಕೆಳಗೆ ಬಿತ್ತು. "ಖಾನಾವಳಿಯ ಬಾಕಿ ಕಟ್ಟಲು ಬಂದಿದ್ದೇನೆ. ಎಷ್ಟಾದರೂ ಹೇಳಿ!"

ಅವನು ಹೆಸರು ಕೇಳಿದ, ಹುಟ್ಟಿದ ದಿನ ಕೇಳಿದ, ಕಂಪ್ಯೂಟರ್ ಕುಟ್ಟಿದ, ಪಕ್ಕದ ಕೋಣೆಗೆ ಹೋಗಿ ಬಂದ. ಆಮೇಲೆ ಬಹಳ ವಿನಯದಿಂದ ಹೇಳಿದ, "ನಿಮ್ಮ ಹೆಸರಿನಲ್ಲಿ ಏನೂ ಇಲ್ಲ. ಇದ್ದಿದ್ದರೂ ಅದರ ಕಾಲ ಎಂದೋ ಮೀರಿದೆ. ಕಾನೂನಿನ ಪ್ರಕಾರ ನಾವು ಈಗ ಕೇಳುವ ಹಾಗಿಲ್ಲ."

"ನೀವು ಕೇಳಬೇಡಿ. ನಾನೇ ಕೊಡುತ್ತೇನೆ."

"ತೆಗೆದುಕೊಳ್ಳುವ ಹಾಗೂ ಇಲ್ಲ. ನೀವು ಕಟ್ಟಿದರೆ ವಾಪಸ್ ಕಳಿಸಬೇಕಾಗುತ್ತದೆ."

"ನಾನು ಮತ್ತೆ ಕಟ್ಟುತ್ತೇನೆ!"

"ನಾವು ಮತ್ತೆ ಕಳಿಸುತ್ತೇವೆ."

ಮೇಜು ಗುದ್ದಿದೆ. ಪೆನ್ನಿನ ಸ್ಟ್ಯಾಂಡ್ ಹಾರಿತು. "ಇದು ಯಾವ ನ್ಯಾಯ? ಕೊಡುವವಳು ಬಂದು ನಿಂತರೆ ಕೊಳ್ಳುವವನಿಲ್ಲವೆ ಈ ರಾಜ್ಯದಲ್ಲಿ?" ಪಕ್ಕದ ಕೋಣೆಗಳಿಂದ ಜನ ಇಣುಕಿದರು. ಒಬ್ಬ ಮುದುಕ, ತನ್ನ ಟ್ಯಾಕ್ಸಿನ ಜಗಳಕ್ಕೆ ಬಂದವನಿರಬೇಕು, ನನ್ನ ಕಡೆ ನೋಡಿ, "ನನ್ನದನ್ನು ಕಟ್ಟಿ ಬಿಡಿ ತಾಯಿ" ಎಂದ. ಎಲ್ಲರೂ ನಕ್ಕರು.

ಅವಮಾನ! ಮಹಾ ಅವಮಾನ! ಇಪ್ಪತ್ತೆರಡು ವರ್ಷ ನಾನು ಎದೆಯ ಮೇಲೆ ಹೊತ್ತ ಬಂಡೆ ಇವರ ಕಡತದಲ್ಲಿ ಒಂದು ಧೂಳಿನ ಕಣವೂ ಅಲ್ಲವಂತೆ.

ಲಾವಣ್ಯಾ ಹೊರಗೆ ಬಂದು, "ಹಗುರಾತಲ್ಲವಾ? ಇನ್ನು ಪಿಂಚಣಿ ಆಫೀಸಿಗೆ…" ಎಂದಳು.

"ಇನ್ನಂತೂ ಸಾಧ್ಯನ ಇಲ್ಲ," ಎಂದೆ. "ಬಾಕಿ ತೀರಲಿಲ್ಲ. ತೀರಿಸಾಕ ದಾರೀನೂ ಮುಚ್ಚಿತು."

೬ ಜೂನ್

ಸಿಟ್ಟು ಇಳಿದಿಲ್ಲ. ಬರೆಯುವುದಿಲ್ಲ.

೧೭ ಜೂನ್, ಮಂಗಳವಾರ

ಲಾವಣ್ಯಾ ಪಿಂಚಣಿಯ ಮಾತು ಎತ್ತುವುದನ್ನು ಬಿಟ್ಟಿದ್ದಾಳೆ. ಗೆದ್ದೆ. ಕ್ಯಾಲೆಂಡರಿನಲ್ಲಿ ಜುಲೈ ಕೊನೆಗೆ ಅವಳು ಹಾಕಿದ್ದ ಕೆಂಪು ಗೆರೆ ಹಾಗೇ ಇದೆ. ಅಡುಗೆ ಮನೆಗೆ ಹೋದಾಗೆಲ್ಲ ಕಣ್ಣಿಗೆ ಬೀಳುತ್ತದೆ. ಅದರ ಮುಂದೆ ಉಪ್ಪಿನ ಡಬ್ಬಿ ಇಟ್ಟೆ. ಡಬ್ಬಿ ಗಿಡ್ಡ.

೨೯ ಜೂನ್, ಭಾನುವಾರ

ಜೆಸಿಂತಾ ನೀರ್‌ದೋಸೆಗೆ ಕರೆದಿದ್ದಳು. ಊಟವಾದ ಮೇಲೆ ದರ್ಬಾರ್ ಪರದೆಯ ಕಥೆಯನ್ನು ಅವಳಿಗೆ ಸಾಂಗವಾಗಿ ಹೇಳಿದೆ. ಮಳೆ ಸುರಿಸಿದೆ, ಥೇಟರ್ ಕೆಡವಿದೆ, ಗಂಗವ್ವನನ್ನು ಸಾವುಕಾರನ ಅಂಗಡಿಯ ಕಟ್ಟೆ ಹತ್ತಿಸಿದೆ. 'ಇಕೋ ಸಾವುಕಾರ, ಇದು ಬಟ್ಟೆಯಲ್ಲ, ನನ್ನ ಸಿಂಹಾಸನ!' ಎಂದು ಅವ್ವನ ದನಿಯಲ್ಲೇ ನುಡಿದೆ. ಜೆಸಿಂತಾಳ ಕಣ್ಣಲ್ಲಿ ನೀರು. ಇನ್ನೇನು ಚಪ್ಪಾಳೆ ಬೀಳಬೇಕು.

ಮೂಗು ಒರೆಸಿಕೊಂಡು ಕೇಳಿದಳು, "ಮತ್ತೆ ಆ ಪರದೆ ಎಂತ ಆಯ್ತು?"

"ಏನಾಗತೈತಿ? ಅಲ್ಲೇ ಉಳೀತು."

"ಆ ಸಾವುಕಾರ ಕೊಡ್ಲೇ ಇಲ್ವಾ?"

"ಕೊಡಲಿಲ್ಲ ಅನ್ನೂದು ಎಲ್ಲಿ? ಮೂರು ಸಲ ಹೇಳಿ ಕಳಿಸಿದ. 'ಗಂಗವ್ವ, ಬಾಕಿ ಹಾಳಾಗ್ಲಿ, ಪರದೆ ತಗೊಂಡ್ಹೋಗು, ಮನಿಯಾಗ ಬೇವಿನ ಸೊಪ್ಪು ಹಾಕಿ ಮಡಚಿಟ್ಟೀನಿ' ಅಂತ. ಅವ್ವ ಬಿಟ್ಟಿ ಬ್ಯಾಡಂದ್ಲು."

"ಆಮೇಲೆ?"

"ಆಮೇಲೆ ಅಂವ ತೀರಿಕೊಂಡ. ಮಕ್ಕಳು ತೊಗರಿ ಚೀಲಕ್ಕ ಹೊದಿಸಿದ್ರು. ಇಲಿ ಕಡಿದ್ವು."

ಜೆಸಿಂತಾ ಮೇಜಿನ ಮೇಲೆ ಬಿದ್ದ ದೋಸೆಯ ಚೂರು ಒರೆಸಿದಳು. ಆಮೇಲೆ, "ಅಡವಿ ಪರದೆ ಎದುರು ರಾಜ. ಪಾಪ ಆ ರಾಜಂದಿರು," ಎಂದು ಪ್ಲೇಟು ಎತ್ತಿಕೊಂಡು ಒಳಗೆ ಹೋದಳು.

ಈ ಕರಾವಳಿಯವರಿಗೆ ಕಥೆ ಕೇಳಲು ಬರುವುದಿಲ್ಲ. ಮುಗಿದ ಮೇಲೂ ಕೇಳುತ್ತಾರೆ. ಚಹಾ ಪೂರ್ತಿ ಕುಡಿಯಲಾಗಲಿಲ್ಲ. ಸಕ್ಕರೆ ಹೆಚ್ಚಾಗಿತ್ತು.

೩೦ ಜೂನ್

ಹದಿನಾರು ಕಂಬ ಅಲ್ಲ, ಹದಿನಾಲ್ಕು ಇರಬೇಕು. ನೆನಪಾಗುತ್ತಿಲ್ಲ. ಯಾರನ್ನು ಕೇಳುವುದು?

೧೧ ಜುಲೈ, ಶುಕ್ರವಾರ

ಇವತ್ತು ಲಾವಣ್ಯಾ ಸಿಡಿದಳು. ಎಂತಹ ಅಭಿನಯ! ಅಲ್ಲ, ಅಭಿನಯವಲ್ಲ. ಕಾರಣ ಏನೂ ಇಲ್ಲ. ಎತ್ತರದ ಕಪಾಟಿನಿಂದ ಡಬ್ಬಿ ತೆಗೆಯಲು ಸ್ಟೂಲ್ ಹತ್ತಿದೆ, ಕಾಲು ತಪ್ಪಿತು, ಅವಳು ಹಿಡಿದುಕೊಂಡಳು.

"ಕರಿಬಾರದೇನ ನನ್ನ? ಬಾಜೂ ಖೋಲ್ಯಾಗ ಇದ್ದೆ!"

"ಡಬ್ಬಿ ತಗಿಯಾಕ ಮಗಳ ಬೇಕೇನ?"

"ನಿನ್ನ ಪಿಂಚಣಿ ನನಗ ಬ್ಯಾಡವಾ. ನೀನು ಗದಗಿನಾಗ ಒಬ್ಬಾಕಿನ ಇರ್ತಿ, ಜ್ವರ ಬಂದಿದ್ದು ವಾಸಿಯಾದ ಮ್ಯಾಲೆ ಹೇಳ್ತಿ. ಡಾಕ್ಟರ ಬಿಲ್ಲು ಕೊಡೂದಿಲ್ಲ, ನಾ ಕಳಿಸಿದ ರೊಕ್ಕ ತಿರುಗಿ ಕಳಸ್ತಿ. ನನ್ನಿಂದಂತೂ ಏನೂ ತಗೊಳ್ಳಂಗಿಲ್ಲ. ನಿನ್ನ ದುಡಿಮೀದಾದ್ರೂ ನೀ ತಗೊ ಅಂತ ನಾ ಇಷ್ಟ ಬಡಕೊಳ್ಳಾಕತ್ತಿದ್ದು. ಅದನ್ನೂ ಇಲಿಗೆ ಹಾಕ್ತಿ."

ಇಲಿ! ಜೆಸಿಂತಾ ಅವಳಿಗೆ ಹೇಳಿದ್ದಾಳೆ. ಮಿತ್ರದ್ರೋಹಿ!

ಆ ಸ್ಟೂಲಿನ ಮೇಲೇ ಕೂತೆ. ಮಗಳು ನನ್ನ ಮೊಣಕಾಲಿಗೆ ಎಣ್ಣೆ ತಿಕ್ಕಿದಳು. ಕಂಪನಿಯಲ್ಲಿ ಎಂದೂ ಮಾತು ಮರೆಯದವಳು ಬೇಡವೆನ್ನಲು ಮರೆತೆ.

೧೬ ಜುಲೈ, ಬುಧವಾರ

ಜೆಸಿಂತಾ ಬಲವಂತದಿಂದ ಹಳೆಯ ಆಶ್ರಮಕ್ಕೆ ಕರೆದೊಯ್ದಳು. ಗೋಡೆಗೆ ಹೊಸ ಬಣ್ಣ, ವಾಸನೆ ಹಳೆಯದೇ. ನಮ್ಮ ಮೇಲ್ವಿಚಾರಕಿ ಊರ್ಸುಲಾ ಈಗ ಅಲ್ಲಿಯ ನಿವಾಸಿ! ನಾವು ಹಾಸಿಗೆ ಹಾಸುತ್ತಿದ್ದ ಕೋಣೆಯಲ್ಲೇ ಕಿಟಕಿಗೆ ಮುಖ ಮಾಡಿ ಕೂತಿದ್ದಾಳೆ. ಯಂತ್ರ ಹಾಕಿದರೂ ಕಿವಿ ಸರಿಯಾಗಿ ಕೇಳಿಸದಂತೆ. ನರ್ಸ್ ಹುಡುಗಿ ಕಿವಿಯ ಹತ್ತಿರ ಬಾಗಿ ಕೂಗಿದರೂ ತಿರುಗಲಿಲ್ಲ.

ಬಾಗಿಲಲ್ಲೇ ನಿಂತು ಅಂದೆ, "ಗುಟನ್ ಮಾರ್ಗನ್!"

ಬೆನ್ನು ನೆಟ್ಟಗಾಯಿತು. ತಿರುಗದೆಯೇ, "ಪ್ರೇಮಾ. ತಡವಾಗಿ ಬಂದೆ," ಎಂದಳು.

ಕೈ ಹಿಡಿದುಕೊಂಡು ಬೈದಳು. "ನಿನ್ನ ಬೀಳ್ಕೊಡುಗೆಗೆ ಚೆರ್ರಿ ಕೇಕ್ ತರಿಸಿದ್ದೆ. ಎಲ್ಲರೂ ಕಾದೆವು. ನೀನು ಬರಲಿಲ್ಲ. ಯಾಕೆ?"

"ಟ್ಯಾಕ್ಸ್‌ನವರ ಪತ್ರ ಬಂದಿತ್ತು. ಮುಖ ತೋರಿಸುವುದು ಹೇಗೆ ಅಂತ…"

ಊರ್ಸುಲಾ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. "ಟ್ಯಾಕ್ಸ್‌ನವರ ಪತ್ರ ಬಾರದವರು ಈ ದೇಶದಲ್ಲಿ ಯಾರಿದ್ದಾರೆ? ನನಗೆ ಈ ವಾರವೂ ಬಂದಿದೆ!"

ಹೊರಗೆ ಬಂದು ಬಸ್‌ಸ್ಟಾಪಿನಲ್ಲಿ ನಿಂತಾಗ ಮಿಂಚು ಹೊಡೆಯಿತು. ಆಹಾ, ಪ್ರೇಮಕುಮಾರಿ, ಇಷ್ಟು ದಿನ ಎಲ್ಲಿತ್ತು ನಿನ್ನ ಬುದ್ಧಿ? ಕಂಪನಿಯ ಇನ್ನೊಂದು ಧರ್ಮ ಮರೆತೇಹೋಗಿತ್ತು! ಕ್ಯಾಂಪು ಎತ್ತುವ ಮುಂಚೆ ಕೊನೆಯ ಆಟ ಊರಿಗೆ ಪುಕ್ಕಟೆ. 'ಊರ ಆಟ' ಅನ್ನುತ್ತಿದ್ದೆವು. ಟಿಕೀಟಿಲ್ಲ, ಬಾಗಿಲಿಲ್ಲ, ಯಾರು ಬೇಕಾದರೂ ಬಂದು ಕೂರಬಹುದು. ಆಖೆನ್ನಿಗೆ ನಾನು ಉಳಿಸಿಕೊಂಡ ಬಾಕಿ ಟ್ಯಾಕ್ಸ್ ಅಲ್ಲವೇ ಅಲ್ಲ. ಊರ ಆಟ ಕೊಡದೆ ಹೋಗಿದ್ದೆ! ಆ ಸೇಬು ತಿನ್ನುವ ಅಧಿಕಾರಿ ಅದನ್ನು ಹೇಗೆ ಸ್ವೀಕರಿಸಿಯಾನು?

ಬಸ್ಸಿನಲ್ಲಿ ಒಬ್ಬ ಹುಡುಗಿ ಎದ್ದು ಜಾಗ ಕೊಟ್ಟಳು. ಯೋಚನೆಯಲ್ಲಿ ಮುಳುಗಿದ್ದೆ, ಕೂತೆ.

೨೬ ಜುಲೈ, ಶನಿವಾರ

ಊರ ಆಟ! ಊರ ಆಟ!

ಆಶ್ರಮದ ಊಟದ ಹಾಲ್. ಮುಂದಿನ ಸಾಲಿನಲ್ಲಿ ಗಾಲಿಕುರ್ಚಿಗಳು, ಅದರ ಹಿಂದೆ ನಡೆಯುವವರು, ಗೋಡೆಗೆ ಒರಗಿ ನರ್ಸುಗಳು. ಲಾವಣ್ಯಾ ಎರಡು ಬೆಡ್‌ಶೀಟ್ ಜೋಡಿಸಿ ಪರದೆ ಕಟ್ಟಿದ್ದಳು. ಅದರ ಮೇಲೆ ನಿನ್ನೆ ಕೂತು ಕಂಬ ಬರೆದಿದ್ದಳು. "ಎಷ್ಟು ಕಂಬ ಅವ್ವಾ?" ಎಂದು ಕೇಳಿದಳು. "ನಿನಗ ತಿಳಿದಷ್ಟು," ಎಂದೆ. ಎಂಟು ಬರೆದಳು. ನವಿಲು ಕೋಳಿಯಂತಾಗಿತ್ತು. ಇರಲಿ. ಹಗ್ಗ ಎಳೆಯುವ ಕೆಲಸವೂ ಅವಳದೇ. ಅಳಿಯ ಸುನಿಲಕುಮಾರ ಡ್ರೆಸ್ಡೆನ್ನಿನಿಂದ ಬಂದವನು ತಾಟು ಬಡಿದು ಬೆಲ್ ಹೊಡೆದ.

ರಟ್ಟಿನ ಕಿರೀಟ, ಮೀಸೆ, ಜೆಸಿಂತಾಳ ಬಾಲ್ಕನಿಯ ಕೋಲೇ ಗದೆ. ನಾನು ಮಹಾರಾಜ. ಒಂದು ಹೆಜ್ಜೆ ಇಟ್ಟು ನಿಂತು, ಮೀಸೆ ತಿರುವಿ, ಕನ್ನಡದಲ್ಲೇ ಗುಡುಗಿದೆ:

"ಎಲವೋ ಸೇವಕಾ! ನನ್ನ ಪ್ರಜೆಗಳು ಊಟ ಮಾಡಿದರೆ?"

ಸೇವಕ ಜೆಸಿಂತಾ ಕೈ ಜೋಡಿಸಿ, "ಆಯ್ತು ಮಹಾಪ್ರಭು. ಇವತ್ತು ಆಲೂಗಡ್ಡೆ ಸೂಪು. ಉಪ್ಪು ಕಮ್ಮಿ ಉಂಟಂತೆ," ಎಂದಳು. ನರ್ಸ್ ಒಬ್ಬಳು ಅದನ್ನು ಜರ್ಮನ್‌ನಲ್ಲಿ ಹೇಳಲು ಸಿದ್ಧವಾಗಿ ನಿಂತಿದ್ದಳು, ಅದರ ಅಗತ್ಯ ಬೀಳುವ ಮೊದಲೇ ಇಡೀ ದರ್ಬಾರು ನಕ್ಕಿತ್ತು. ಉಪ್ಪಿನ ದೂರು ಎಲ್ಲ ಭಾಷೆಯಲ್ಲೂ ಒಂದೇ ಮುಖ ಮಾಡುತ್ತದೆ.

ಹಾಡಿದೆ, ಗದೆ ತಿರುವಿದೆ, ಯುದ್ಧ ಗೆದ್ದೆ. ನಡುವೆ ಮೊಣಕಾಲು ಕೈಕೊಟ್ಟಿತು. ಅಲ್ಲೇ ಊರ್ಸುಲಾಳ ಕುರ್ಚಿಯ ಹಿಡಿಕೆ ಹಿಡಿದು ನಿಂತು ಮಾತು ಮುಂದುವರಿಸಿದೆ. ಪಾತ್ರದೊಳಗೇ ಇತ್ತೆಂಬಂತೆ! ಊರ್ಸುಲಾ ಕಿವಿಯ ಯಂತ್ರ ಕಿತ್ತು ಜೇಬಿಗೆ ಹಾಕಿಕೊಂಡಳು. "ಇವಳಿಗೆ ಇದು ಬೇಡ," ಎಂದು ಪಕ್ಕದವಳಿಗೆ ಕೂಗಿ ಹೇಳಿದಳು.

ಕೊನೆಗೆ ಕಿರೀಟ ತೆಗೆದು ಜರ್ಮನ್‌ನಲ್ಲಿ ಅರಿಕೆ ಮಾಡಿದೆ: "ಈ ಊರಿಗೆ ನನ್ನದೊಂದು ಆಟ ಬಾಕಿ ಇತ್ತು. ಇವತ್ತಿಗೆ ಚುಕ್ತಾ!"

ಚಪ್ಪಾಳೆ! ನಡುಗುವ ಕೈಗಳ ಚಪ್ಪಾಳೆ ಬೇಗ ನಿಲ್ಲುವುದಿಲ್ಲ, ಒಂದು ಕೈ ಇನ್ನೊಂದನ್ನು ಹುಡುಕುತ್ತಿರುತ್ತದೆ. ಆಶ್ರಮದ ಮ್ಯಾನೇಜರ್ ಲಕೋಟೆ ಚಾಚಿದ. ಛೇ! ಊರ ಆಟಕ್ಕೆ ಸಂಭಾವನೆಯೆ? ಹಿಂದಿರುಗಿಸಿದೆ. ಊರ್ಸುಲಾ ಚೆರ್ರಿ ಕೇಕ್ ತರಿಸಿದ್ದಳು. ಎರಡು ತುಂಡು ತಿಂದೆ. ಇನ್ನೊಂದು ಕಟ್ಟಿಸಿಕೊಂಡೆ.

ಮನೆಗೆ ಹೊರಡುವಾಗ ಲಾವಣ್ಯಾ ಬೆಡ್‌ಶೀಟು ಮಡಚುತ್ತಿದ್ದಳು. "ಮಂಗಳವಾರಕ್ಕ ಪಿಂಚಣಿ ಆಫೀಸಿನ ಮುಹೂರ್ತ ಸಿಗತೈತೇನ ನೋಡು," ಎಂದೆ.

ಅವಳು ತಲೆ ಎತ್ತಲಿಲ್ಲ. "ಜೂನಿನಾಗ ತಗೊಂಡಿಟ್ಟೀನಿ," ಎಂದಳು.

ಕಳ್ಳಿ! ನನ್ನ ಹೊಟ್ಟೆಯಲ್ಲಿ ಹುಟ್ಟಿದವಳೇ ಹೌದು.

೨೯ ಜುಲೈ, ಮಂಗಳವಾರ

ಪಿಂಚಣಿ ಆಫೀಸಿನಲ್ಲಿದ್ದವಳು ಲಾವಣ್ಯಾಳ ವಯಸ್ಸಿನ ಹೆಣ್ಣುಮಗಳು. ನಾನು ಮೊದಲೇ ಘೋಷಿಸಿದೆ, "ನನ್ನದೊಂದು ಹಳೆಯ ಟ್ಯಾಕ್ಸ್ ಪ್ರಕರಣವಿತ್ತು. ಮುಚ್ಚಿಡುವವಳು ನಾನಲ್ಲ."

"ಅದು ನಮ್ಮ ಕೋಣೆಯದಲ್ಲ," ಎಂದು ಮುಗಿಸಿಬಿಟ್ಟಳು. ಮಗಳು ನನ್ನ ಕಡೆ ನೋಡಲಿಲ್ಲ. ನೋಡದೇ ಇರಲು ಬಹಳ ಕಷ್ಟಪಟ್ಟಳು.

ದುಡಿದ ವರ್ಷ, ಊರು, ಬ್ಯಾಂಕು ಎಲ್ಲ ಕೇಳಿದಳು. ಆಮೇಲೆ, "ಮಕ್ಕಳಿದ್ದಾರೆಯೆ? ಇಲ್ಲೇ ಹುಟ್ಟಿದವರೆ?"

"ಒಬ್ಬಳು. ಇಲ್ಲೇ."

"ಮೊದಲ ಮೂರು ವರ್ಷ ಮಗುವನ್ನು ಇಲ್ಲೇ, ನೀವೇ ಸಾಕಿದಿರಾ?"

ಸಾಕಿದೆನಾ! ಎದ್ದು ನಿಂತೆ. ಲಾವಣ್ಯಾಳ ಭುಜ ಹಿಡಿದು ಅವಳನ್ನೂ ಎಬ್ಬಿಸಿದೆ. "ನೋಡಿ! ಇಷ್ಟುದ್ದ ಸಾಕಿದ್ದೇನೆ!"

ಆ ಹುಡುಗಿ ನಕ್ಕು, ಬರೆದುಕೊಂಡಳು. ಮಗು ಸಾಕಿದ ಆ ಮೂರು ವರ್ಷಗಳೂ ಪಿಂಚಣಿಯ ಲೆಕ್ಕಕ್ಕೆ ಸೇರುತ್ತವಂತೆ. ತೊಟ್ಟಿಲು ತೂಗಿದ್ದನ್ನೂ ಈ ರಾಜ್ಯ ದುಡಿಮೆ ಎನ್ನುತ್ತದಂತೆ! ಯಾವ ನಾಟಕದ ಯಾವ ರಾಜನಿಗೂ ಇದು ಹೊಳೆದಿರಲಿಲ್ಲ.

"ಹಂಗಾರ ನಾ ರಾತ್ರಿಯೆಲ್ಲಾ ಅತ್ತಿದ್ದು ಪುಕ್ಕಟೆ ಅಲ್ಲ," ಎಂದಳು ಲಾವಣ್ಯಾ. ಹೇಳುತ್ತ ಹೇಳುತ್ತ ಅವಳ ದನಿ ಒಡೆಯಿತು. ಮಾತಿನ ತುದಿಯವರೆಗೂ ಉಸಿರು ಹಿಡಿಯುವುದನ್ನು ಕಲಿಸಬೇಕು ಇವಳಿಗೆ.

ಸಹಿ ಮಾಡುವ ಮುಂಚೆ ನಾನು ಕೇಳಿದೆ, "ನಾನು ಬರದೇ ಇದ್ದ ಇಷ್ಟು ವರ್ಷ ಇದನ್ನು ಯಾರು ಕಾಯ್ದರು?"

ಅವಳಿಗೆ ಪ್ರಶ್ನೆ ತಿಳಿಯಲಿಲ್ಲ. "ಕಾಯುವುದೇನು? ನಿಮ್ಮದೇ ಅಲ್ಲವೆ," ಎಂದಳು.

ಸಹಿ ಮಾಡಿದೆ. ಪೂರ್ತಿ ಹೆಸರು, ಕನ್ನಡದಲ್ಲಿ, ಪೆಟ್ಟಿಗೆಯ ಗೆರೆ ದಾಟಿ. ಮುಂದೆ ಟ್ಯಾಕ್ಸ್‌ನವರ ಪತ್ರ ಬಂದರೂ ಬರಬಹುದು ಎಂದು ಎಚ್ಚರಿಸಿದಳು. ಬರಲಿ! ನೂರು ಬರಲಿ! ಈ ಸಲ ಉತ್ತರವನ್ನು ಗಟ್ಟಿಯಾಗಿ ಓದುತ್ತಲೇ ಬರೆಯುತ್ತೇನೆ, ಅದು ಅಂಚೆಗೆ ಬೀಳುವಷ್ಟರಲ್ಲಿ ಗದಗಿನ ಅಂಚೆ ಪೇದೆ ಅದನ್ನು ಬಾಯಿಪಾಠ ಹೇಳುತ್ತಿರುತ್ತಾನೆ.

೧ ಆಗಸ್ಟ್, ಶುಕ್ರವಾರ, ಏರ್‌ಪೋರ್ಟ್

ಹೊರಡಲು ಇನ್ನೂ ಹೊತ್ತಿದೆ. ಕೂತಲ್ಲೇ ಬರೆಯುತ್ತಿದ್ದೇನೆ.

ಪಾಟ್ಲಿಯ ಯೂರೋಗಳು ಹಾಗೇ ಇವೆ. ಗದಗಿಗೆ ಹೋದೊಡನೆ ಸರಾಫನ ಅಂಗಡಿಗೆ ಹೋಗಬೇಕು. ಪಾಟ್ಲಿ ಇನ್ನೂ ಕರಗಿಸಿರದಿದ್ದರೆ, ದುಡ್ಡು ಮುಂದಿಟ್ಟು ಕೇಳಿದರೆ ತಿರುಗಿ ಕೊಟ್ಟಾನು. ಲಾವಣ್ಯಾ ಬರೆದ ಬೆಡ್‌ಶೀಟ್ ಪರದೆಯನ್ನು ಕೇಳಿ ತೆಗೆದುಕೊಂಡೆ, ಸೂಟ್‌ಕೇಸಿನಲ್ಲಿ ಸೀರೆಗಳ ಮೇಲಿದೆ. ಬೇವಿನ ಸೊಪ್ಪು ಇಲ್ಲಿ ಸಿಗಲಿಲ್ಲ, ಅಲ್ಲಿ ಹೋಗಿ ಹಾಕಬೇಕು.

ಈಗ ನಿಷ್ಕ್ರಮಣದ ವೈಭವ ಕೇಳಿ. ಲಗೇಜು ಕೊಟ್ಟು ನೋಡುತ್ತೇನೆ, ಮುಂದೆ ಉದ್ದಾನುದ್ದ ದಾರಿ, ಕಂಬದ ಮೇಲೆ ಕಂಬ, ಎಣಿಸಿದರೆ ಹದಿನಾರಕ್ಕೂ ಹೆಚ್ಚು. ಸಾಕ್ಷಾತ್ ದರ್ಬಾರು! ಇಂತಹ ರಂಗದಲ್ಲಿ ರಾಜನಾದವನು ನಡೆಯುತ್ತಾನೆಯೆ? ಕೌಂಟರಿನ ಹತ್ತಿರ ಹೋಗಿ, ಇಡೀ ಹಾಲ್ ತಿರುಗಿ ನೋಡುವಂತೆ ಕೇಳಿದೆ:

"ಎಲ್ಲಿ ನನ್ನ ಸಿಂಹಾಸನ?"

ಗಾಲಿಕುರ್ಚಿ ಬಂತು. ಕೂತೆ. ಲಾವಣ್ಯಾ ಬೇಲಿಯ ಆಚೆ ನಿಂತು ಅಳುತ್ತಿದ್ದಾಳೋ ನಗುತ್ತಿದ್ದಾಳೋ ದೂರದಿಂದ ತಿಳಿಯಲಿಲ್ಲ. ಅವಳಿಗೆ ಅಲ್ಲಿಂದಲೇ ಕೂಗಿದೆ, "ಮೊಣಕಾಲು ಭಾಳ ನೋಯಾಕತ್ತಾವವಾ! ಆ ಎಣ್ಣಿ ಹೆಸರು ಫೋನಿಗೆ ಕಳಿಸು!"

ಎಲ್ಲರಿಗೂ ಕೇಳಿಸಿತು. ಕೇಳಿಸಲಿ. ಕೊನೆಯ ಕಂಬದವರೆಗೆ ಮುಟ್ಟಿತು ನನ್ನ ದನಿ.